ನರಿ ಕಾಣದ ಓದು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ. ಈ ಐದು ತಾಲ್ಲೂಕುಗಳಲ್ಲಿ ಯಾವ ಶಾಲೆಯ ಸ್ಟಾಫ್ ರೂಮಿನಲ್ಲಿ ಕೂತರೂ, ಯಾವ ಪಾಲಕರ ಸಭೆಗೆ ಹೋದರೂ, ಮಕ್ಕಳ ಪುಸ್ತಕದ ಮಾತು ಬಂತೆಂದರೆ ಒಂದು ತೀರ್ಪು ಮೊದಲೇ ಬರೆದಿಟ್ಟಂತೆ ಹೊರಬೀಳುತ್ತದೆ: ‘ಚಿತ್ರದ ಬುಕ್ಕು ಅಂಗನವಾಡಿಗೆ ಸರಿ ಐತ್ರಿ. ಅಕ್ಷರ ಬಂದಮ್ಯಾಲೆ ಅವು ಯಾಕ ಬೇಕು?’ ಹೀಗೆ ಹೇಳುವವರು ಕೆಟ್ಟವರಲ್ಲ. ಮಕ್ಕಳ ಮೇಲೆ ಅಕ್ಕರೆ ಇರುವವರೇ, ಹುಡುಗರು ಓದಿ ಮುಂದೆ ಬರಲಿ ಎಂದು ಹಂಬಲಿಸುವವರೇ. ಹಾಗಾಗಿಯೇ ಈ ತೀರ್ಪನ್ನು ಯಾರೂ ತಡೆದು ಕೇಳುವುದಿಲ್ಲ. ಕೇಳದೆ ಬಿಟ್ಟದ್ದರಿಂದ ಅದು ಶಾಲೆಯ ಬೀರುವಿನಿಂದ ಹಿಡಿದು ಪ್ರಶಸ್ತಿ ಸಮಿತಿಯವರೆಗೆ ಎಲ್ಲ ಕಡೆ ಕಾನೂನಿನಂತೆ ನಡೆಯುತ್ತಿದೆ.

ತೀರ್ಪನ್ನು ಬಿಡಿಸಿ ನೋಡಿದರೆ ನಾಲ್ಕು ವಾದಗಳು ಸಿಗುತ್ತವೆ. ಒಂದು, ಕಥೆ ಇರುವುದು ಅಕ್ಷರದಲ್ಲಿ. ಚಿತ್ರ ಅದರ ಮೇಲಿನ ಸಿಂಗಾರ. ಎರಡು, ಚಿತ್ರ ನೋಡುವ ಚಟ ಹತ್ತಿದ ಮಗು ಅಕ್ಷರದ ಮಟ್ಟಿಗೆ ಸೋಮಾರಿಯಾಗುತ್ತದೆ. ಮೂರು, ಹದಿನಾರು ಪುಟ, ಪುಟಕ್ಕೊಂದು ಸಾಲು, ಬೆಲೆ ಮಾತ್ರ ದಪ್ಪ ಪುಸ್ತಕದ್ದು, ಇದು ದುಂದುಗಾರಿಕೆ. ನಾಲ್ಕು, ಇದೆಲ್ಲ ಬೆಂಗಳೂರಿನ ಕಾನ್ವೆಂಟುಗಳ ಶೋಕಿ. ಮಳೆ ಕೈಕೊಟ್ಟರೆ ಗುಳೆ ಹೋಗುವ ನಾಡಿನ ಮಕ್ಕಳಿಗೆ ಮೊದಲು ಕಾಗುಣಿತ ಬರಲಿ. ನಾಲ್ಕೂ ತಪ್ಪು. ಕೊನೆಯದಂತೂ ತಪ್ಪಿನ ಜೊತೆಗೆ ಅನ್ಯಾಯ.

ಮೊದಲನೆಯ ವಾದಕ್ಕೆ ಒಂದು ಕೋಳಿಯ ಉತ್ತರ ಸಾಕು. ಇಂಗ್ಲೆಂಡಿನ ಪ್ಯಾಟ್ ಹಚಿನ್ಸ್ ಎಂಬಾಕೆ ತಾನೇ ಬರೆದು ತಾನೇ ಚಿತ್ರ ಬಿಡಿಸಿ 1968ರಲ್ಲಿ ‘ರೋಸೀಸ್ ವಾಕ್’ ಎಂಬ ಪುಸ್ತಕ ತಂದರು. ಇಡೀ ಪುಸ್ತಕಕ್ಕೆ ಇರುವುದು ಒಂದೇ ವಾಕ್ಯ, ಇಂಗ್ಲಿಷಿನಲ್ಲಿ 32 ಪದ. ಕೋಳಿಯೊಂದು ತೋಟದ ಮನೆಯ ಸುತ್ತ ಅಡ್ಡಾಡಿ ಹೊತ್ತಿಗೆ ಸರಿಯಾಗಿ ಗೂಡಿಗೆ ಮರಳಿತು ಎಂಬುದೇ ಅದರ ಸಾರ. ಅಕ್ಷರ ಮಾತ್ರ ಓದುವವರಿಗೆ ಇದರಲ್ಲಿ ಕಥೆಯೇ ಇಲ್ಲ. ಈಗ ಚಿತ್ರ ನೋಡಿ. ಕೋಳಿ ಹೊರಟಾಗಿನಿಂದಲೇ ಅದರ ಬೆನ್ನಿಗೆ ನರಿ ಬಿದ್ದಿದೆ. ಅಂಗಳದಲ್ಲಿ ನೆಗೆದಾಗ ಹುಲ್ಲು ಬಾಚುವ ಕೋಲಿನ ಮೇಲೆ ಕಾಲಿಟ್ಟು ಮೂತಿಗೆ ಏಟು ತಿನ್ನುತ್ತದೆ. ಹೊಂಡದ ಹತ್ತಿರ ನೆಗೆದರೆ ನೀರಿಗೆ ಬೀಳುತ್ತದೆ, ಬಣವೆಯ ಹತ್ತಿರ ನೆಗೆದರೆ ಹುಲ್ಲಿನಲ್ಲಿ ಹೂತುಹೋಗುತ್ತದೆ. ಗಿರಣಿಯ ಬಳಿ ಬಂದರೆ ತಲೆಯ ಮೇಲೆ ಹಿಟ್ಟು ಸುರಿಯುತ್ತದೆ. ಕೊನೆಗೆ ಜೇನುಹುಳುಗಳು ಎದ್ದು ಅದನ್ನು ದಿಕ್ಕಾಪಾಲು ಓಡಿಸುತ್ತವೆ. ಕೋಳಿ ಒಂದು ಸಲವೂ ತಿರುಗಿ ನೋಡುವುದಿಲ್ಲ. ಆ ಒಂದು ವಾಕ್ಯದಲ್ಲಿ ನರಿಯ ಹೆಸರೇ ಇಲ್ಲ.

ಈಗ ಹೇಳಿ, ಈ ಪುಸ್ತಕವನ್ನು ಓದಿದವರು ಯಾರು? ವಾಕ್ಯವನ್ನು ಸರಾಗವಾಗಿ ಓದಿ ಮುಚ್ಚಿಟ್ಟ ಮೇಷ್ಟರೋ, ‘ಏಯ್, ಹಿಂದ್ ನೋಡು!’ ಎಂದು ಕೋಳಿಗೆ ಕೂಗಿ ಹೇಳುವ ಒಂದನೆಯ ತರಗತಿಯ ಹುಡುಗಿಯೋ? ಬರಹ ಒಂದು ಹೇಳುತ್ತದೆ, ಚಿತ್ರ ಇನ್ನೊಂದು ತೋರಿಸುತ್ತದೆ; ಎರಡನ್ನೂ ಸೇರಿಸಿ ಕಥೆ ಕಟ್ಟುವ ಕೆಲಸ ಮಗುವಿನದು. ಹರಪನಹಳ್ಳಿಯಲ್ಲಿ ಹುಟ್ಟಿದ ನಗೆಬರಹಗಾರ ಬೀchiಯವರನ್ನು ನೆನೆಯಿರಿ. ಅವರ ನಗೆಯೆಲ್ಲ ನಿಂತಿರುವುದು ಹೇಳಿದ ಮಾತಿಗೂ ಹೇಳದೆ ಬಿಟ್ಟ ಮಾತಿಗೂ ನಡುವಿನ ಜಾಗದಲ್ಲಿ. ಆ ಜಾಗವನ್ನು ಕಂಡುಹಿಡಿಯುವ ಮೊದಲ ಪಾಠ ಆರು ವರ್ಷದ ಮಗುವಿಗೆ ಇಂಥ ಪುಸ್ತಕದಲ್ಲಿ ಸಿಗುತ್ತದೆ. ಅದನ್ನು ಸಿಂಗಾರ ಎನ್ನುವವರು ಅಕ್ಷರ ಬಲ್ಲವರು ನಿಜ, ಆದರೆ ಅವರಿಗೆ ನರಿ ಕಂಡಿಲ್ಲ.

ಇನ್ನೊಂದು ಪುಸ್ತಕ ನೋಡಿ. ಅಮೆರಿಕದ ಮೋರಿಸ್ ಸೆಂಡಾಕ್ 1963ರಲ್ಲಿ ತಂದ ‘ವೇರ್ ದ ವೈಲ್ಡ್ ಥಿಂಗ್ಸ್ ಆರ್’ನಲ್ಲಿ ತುಂಟಾಟ ಮಾಡಿ ಬೈಸಿಕೊಂಡ ಹುಡುಗನೊಬ್ಬ ಊಟವಿಲ್ಲದೆ ಕೋಣೆ ಸೇರುತ್ತಾನೆ, ಅಲ್ಲಿಂದ ಮನಸ್ಸಿನಲ್ಲೇ ಕಾಡುಮೃಗಗಳ ನಾಡಿಗೆ ಹೋಗುತ್ತಾನೆ. ಮೊದಲ ಪುಟದಲ್ಲಿ ಚಿತ್ರ ಚಿಕ್ಕದು, ಸುತ್ತ ಅಗಲವಾದ ಬಿಳಿ ಅಂಚು. ಹುಡುಗನ ಸಿಟ್ಟು ಏರಿದಂತೆ ಚಿತ್ರ ಹಿಗ್ಗಿ ಅಂಚನ್ನು ನುಂಗುತ್ತದೆ. ಮೃಗಗಳ ಕುಣಿತ ಶುರುವಾದಾಗ ಮೂರು ಜೋಡಿಪುಟಗಳಲ್ಲಿ ಒಂದಕ್ಷರವೂ ಇಲ್ಲ. ಆಮೇಲೆ ಚಿತ್ರ ಮತ್ತೆ ಕುಗ್ಗುತ್ತದೆ. ಮನೆಗೆ ಮರಳಿದ ಮೇಲೆ ಕಟ್ಟಕಡೆಯ ಪುಟದಲ್ಲಿ ಚಿತ್ರವೇ ಇಲ್ಲ, ನಾಲ್ಕೈದು ಪದ ಮಾತ್ರ. ಎಲ್ಲಿ ಮಾತು ಬಾಯಿ ಮುಚ್ಚಬೇಕು, ಎಲ್ಲಿ ಚಿತ್ರ ಪಕ್ಕಕ್ಕೆ ಸರಿಯಬೇಕು ಎಂಬ ಲೆಕ್ಕ ಇದರಲ್ಲಿದೆ. ದೊಡ್ಡವರ ಕಾದಂಬರಿಯಲ್ಲಿ ಇಷ್ಟು ಹದ ಕಂಡರೆ ನಾವು ವಿಚಾರ ಸಂಕಿರಣ ಇಡುತ್ತೇವೆ. ಮಕ್ಕಳ ಪುಸ್ತಕದಲ್ಲಿ ಕಂಡರೆ ಅದಕ್ಕೆ ಬೊಂಬೆ ಪುಸ್ತಕ ಎಂದು ಹೆಸರಿಡುತ್ತೇವೆ.

ಎರಡನೆಯ ವಾದ ಸೋಮಾರಿತನದ್ದು. ಇದನ್ನು ಹೇಳುವವರಲ್ಲಿ ಹೆಚ್ಚಿನವರು ಅರವತ್ತರ ಆಸುಪಾಸಿನವರು, ‘ನಮ್ಮ ಕಾಲದಾಗ ಎಷ್ಟು ಓದ್ತಿದ್ವಿ’ ಎನ್ನುವವರು. ಏನು ಓದುತ್ತಿದ್ದಿರಿ ಎಂದು ಕೇಳಿದರೆ ಮೊದಲು ಬರುವ ಹೆಸರು ಚಂದಮಾಮ. 1949ರ ಜುಲೈನಲ್ಲಿ ಕನ್ನಡದಲ್ಲಿ ಶುರುವಾದ ಆ ಮಾಸಪತ್ರಿಕೆಯಲ್ಲಿ ಚಿತ್ರವಿಲ್ಲದ ಕಥೆಯ ಪುಟವನ್ನು ಹುಡುಕಬೇಕಿತ್ತು. ವಿಕ್ರಮಾದಿತ್ಯ ಬೇತಾಳನಿಗೆ ಕೊಟ್ಟ ಉತ್ತರಗಳಲ್ಲಿ ಎಷ್ಟು ನೆನಪಿವೆ? ಒಂದೋ ಎರಡೋ. ಆದರೆ ಭುಜದ ಮೇಲೆ ಹೆಣ ಹೊತ್ತು, ಕತ್ತಿ ಹಿಡಿದು ಸ್ಮಶಾನದಲ್ಲಿ ನಡೆಯುವ ರಾಜನ ಚಿತ್ರ ಕಣ್ಣಿಗೆ ಕಟ್ಟಿದೆ. ಅದನ್ನು ಬರೆದವರು ಶಂಕರ್, ಪೂರ್ತಿ ಹೆಸರು ಕೆ.ಸಿ. ಶಿವಶಂಕರನ್. 1952ರಲ್ಲಿ ಚಂದಮಾಮ ಸೇರಿ ಪತ್ರಿಕೆ ನಿಲ್ಲುವವರೆಗೂ ಅಲ್ಲೇ ದುಡಿದರು. ಮಹಾಭಾರತದ ಪ್ರಸಂಗಗಳನ್ನು ಮುಖಪುಟಕ್ಕೆ ತಂದ ಎಂ.ಟಿ.ವಿ. ಆಚಾರ್ಯ ಕನ್ನಡದವರೇ. ಕಾರ್ಕಳದ ಅನಂತ ಪೈ ಅವರ ಹೆಸರಿನೊಂದಿಗೆ ಬೆಸೆದುಹೋಗಿರುವ ಅಮರ ಚಿತ್ರಕಥೆಯೂ ಮೊದಲು ಹೊರಬಂದದ್ದು ಇಂಗ್ಲಿಷಿನಲ್ಲಲ್ಲ. 1965ರಲ್ಲಿ ಬೆಂಗಳೂರಿನಿಂದ, ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಲ್ಲಿ, ಕನ್ನಡದಲ್ಲಿ. ಇಷ್ಟು ಚಿತ್ರ ನೋಡಿ ಬೆಳೆದವರು ಸೋಮಾರಿಗಳಾಗಿದ್ದರೆ ಮುಂದೆ ಕಾರಂತರನ್ನೂ ಭೈರಪ್ಪನವರನ್ನೂ ಓದಿದವರು ಯಾರು? ತಮ್ಮನ್ನು ಓದುಗರನ್ನಾಗಿ ಮಾಡಿದ ಏಣಿಯನ್ನೇ ಮೊಮ್ಮಕ್ಕಳಿಂದ ಕಿತ್ತುಕೊಳ್ಳುವುದು ಯಾವ ನ್ಯಾಯ?

ಮೊಬೈಲು ಬಂದ ಮೇಲೆ ಈ ವಾದಕ್ಕೆ ಹೊಸ ಬಲ ಬಂದಿದೆ. ಮಕ್ಕಳು ದಿನವಿಡೀ ಚಿತ್ರ ನೋಡುತ್ತಲೇ ಇರುತ್ತಾರಲ್ಲ, ಪುಸ್ತಕದಲ್ಲೂ ಅದೇ ಯಾಕೆ ಎನ್ನುತ್ತಾರೆ. ಮೊಬೈಲಿನ ಚಿತ್ರ ತಾನಾಗಿ ಓಡುತ್ತದೆ, ಮಗು ಅದರ ಹಿಂದೆ ಓಡಬೇಕು. ಪುಸ್ತಕದ ಚಿತ್ರ ಮಗು ಬರುವವರೆಗೆ ಕಾಯುತ್ತದೆ. ಪುಟ ಯಾವಾಗ ತಿರುವಬೇಕು, ಯಾವುದನ್ನು ಇನ್ನೊಮ್ಮೆ ನೋಡಬೇಕು, ನರಿ ಹೋದ ಪುಟದಲ್ಲಿ ಎಲ್ಲಿತ್ತು ಎಂದು ಯಾವಾಗ ಹಿಂದಕ್ಕೆ ಹೋಗಬೇಕು, ಎಲ್ಲ ಮಗುವಿನ ಕೈಯಲ್ಲಿದೆ. ಎರಡನ್ನೂ ‘ಚಿತ್ರ’ ಎಂಬ ಒಂದೇ ಖಾತೆಗೆ ಜಮಾ ಮಾಡುವುದು ಲೆಕ್ಕ ಬಾರದವರ ಲೆಕ್ಕ.

ಅದೇ ಸ್ಟಾಫ್ ರೂಮಿನಲ್ಲಿ ಇನ್ನೊಂದು ದೂರೂ ಕೇಳುತ್ತದೆ: ‘ಹುಡುಗ ಓದೋದು ಓದ್ತಾನ್ರಿ, ಅರ್ಥ ಏನು ಅಂತ ಕೇಳಿದ್ರ ಸುಮ್ನ ನಿಂದರ್ತಾನ.’ ನಿಲ್ಲದೆ ಇನ್ನೇನು ಮಾಡಿಯಾನು? ಓದು ಎಂದರೆ ಅಕ್ಷರಕ್ಕೆ ಸದ್ದು ಕೊಡುವುದು ಎಂದೇ ಅವನಿಗೆ ಕಲಿಸಿದ್ದೇವೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊಳೆತು, 2009–10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಶಾಲೆಗಳಿಗೆ ಬಂದ ನಲಿ ಕಲಿಯಲ್ಲಿ ಕಾರ್ಡಿನ ತುಂಬ ಚಿತ್ರಗಳಿವೆ, ಗೋಡೆಯ ಮೇಲೂ ಇವೆ. ಅದು ಒಳ್ಳೆಯ ಹೆಜ್ಜೆ. ಆದರೆ ಅಲ್ಲಿ ಚಿತ್ರದ ಕೆಲಸ ಬಹುಪಾಲು ಅಕ್ಷರಕ್ಕೆ ಚೀಟಿ ಅಂಟಿಸುವುದು: ಆನೆಯ ಚಿತ್ರ ಇರುವುದು ‘ಆ’ ಕಲಿಯಲಿ ಎಂದು. ಆ ಆನೆ ಎಲ್ಲಿಂದ ಬಂತು, ಎಲ್ಲಿಗೆ ಹೊರಟಿದೆ, ಅದಕ್ಕೆ ಯಾಕೆ ಸಿಟ್ಟು ಬಂದಿದೆ ಎಂದು ಕೇಳುವ ಚಿತ್ರ ಬೇರೆ. ಮೊದಲನೆಯದು ಅಕ್ಷರ ಕಲಿಸುತ್ತದೆ, ಎರಡನೆಯದು ಅರ್ಥ ಮಾಡಿಕೊಳ್ಳುವುದನ್ನು ಕಲಿಸುತ್ತದೆ. ಮಗುವಿಗೆ ಎರಡೂ ಬೇಕು. ನಾವು ಒಂದನ್ನು ಕೊಟ್ಟು ಇನ್ನೊಂದಕ್ಕೆ ಬೀಗ ಹಾಕಿದ್ದೇವೆ.

ಬೀಗ ಎಂದದ್ದು ಬರಿಯ ಮಾತಿಗಲ್ಲ. ಶಾಲೆಗೆ ಬಂದ ಬಣ್ಣದ ಪುಸ್ತಕಗಳು ಮುಖ್ಯೋಪಾಧ್ಯಾಯರ ಕೋಣೆಯ ಕಬ್ಬಿಣದ ಬೀರುವಿನಲ್ಲಿ, ಸ್ಟಾಕ್ ರಿಜಿಸ್ಟರಿನ ಕ್ರಮಸಂಖ್ಯೆಯ ಪ್ರಕಾರ, ಹೊಸ ವಾಸನೆ ಆರದೆ ಕೂತಿರುವುದನ್ನು ಈ ಕಡೆ ಓಡಾಡಿದವರೆಲ್ಲ ಕಂಡಿದ್ದಾರೆ. ‘ಮಕ್ಳು ಹರದ್ ಹಾಕ್ತಾರ, ಆಡಿಟಿಗೆ ನಾನ್ ಉತ್ತರ ಕೊಡಬೇಕಾಗ್ತೈತಿ’ ಎಂಬುದು ಅವರ ಸಂಕಟ. ಸಂಕಟ ಸುಳ್ಳಲ್ಲ. ಕೈಯಿಂದ ಕೈಗೆ ಹೋಗಿ ಹರಿದ ಪುಸ್ತಕವನ್ನು ನಷ್ಟ ಎಂದು ಬರೆಸಿ, ಯಾರೂ ಮುಟ್ಟದ ಪುಸ್ತಕವನ್ನು ಆಸ್ತಿ ಎಂದು ಬರೆಸುವ ಪದ್ಧತಿಯೇ ತಲೆಕೆಳಗು.

ಮೂರನೆಯ ವಾದ ದುಡ್ಡಿನದು. ಪುಟ ಕಮ್ಮಿ, ಬೆಲೆ ಜಾಸ್ತಿ. ಪುಸ್ತಕವನ್ನು ಪುಟದ ಲೆಕ್ಕದಲ್ಲಿ ಅಳೆಯುವುದು ನಮ್ಮ ಹಳೆಯ ರೂಢಿ, ಗ್ರಂಥಾಲಯಗಳ ಸಗಟು ಖರೀದಿಯೂ ಪುಟಕ್ಕೆ ಇಷ್ಟು ಎಂಬ ದರದಿಂದಲೇ ಲೆಕ್ಕ ಹಾಕುತ್ತ ಬಂದಿದೆ. ಚಿತ್ರಪುಸ್ತಕಕ್ಕೆ ಈ ಅಳತೆ ಒಗ್ಗುವುದಿಲ್ಲ. ಕಪ್ಪು ಮಸಿಯಲ್ಲಿ ಅಚ್ಚಾದ ಕಾದಂಬರಿಯ ಪುಟಕ್ಕೂ ನಾಲ್ಕು ಬಣ್ಣದ ಪುಟಕ್ಕೂ ಅಚ್ಚಿನ ಮನೆಯಲ್ಲಿ ಅಜಗಜಾಂತರ. ಬಣ್ಣದ ಪುಟಕ್ಕೆ ನೀಲಿ, ಕೆಂಪು, ಹಳದಿ, ಕಪ್ಪು ಎಂದು ನಾಲ್ಕು ಪ್ಲೇಟು ಬೇಕು. ಹಿಂಬದಿಯ ಬಣ್ಣ ಮುಂದಕ್ಕೆ ಇಣುಕದಂಥ ಗಟ್ಟಿ ಕಾಗದ ಬೇಕು. ಒಂದೊಂದು ಪುಟಕ್ಕೆ ದಿನಗಟ್ಟಲೆ ಕೂತು ಬರೆಯುವ ಕಲಾವಿದರಿಗೆ ಸಂಭಾವನೆ ಬೇಕು. ಈ ಖರ್ಚಿನಲ್ಲಿ ಬಹುಪಾಲು ಐನೂರು ಪ್ರತಿ ಅಚ್ಚು ಹಾಕಿದರೂ ಅಷ್ಟೇ, ಐದು ಸಾವಿರ ಹಾಕಿದರೂ ಅಷ್ಟೇ. ಹೆಚ್ಚು ಪ್ರತಿ ಅಚ್ಚಾದರೆ ಒಂದರ ಬೆಲೆ ಇಳಿಯುತ್ತದೆ. ಬೆಲೆ ಹೆಚ್ಚೆಂದು ಕೊಳ್ಳುವುದಿಲ್ಲ, ಕೊಳ್ಳುವವರಿಲ್ಲದ್ದರಿಂದ ಬೆಲೆ ಇಳಿಯುವುದಿಲ್ಲ. ಈ ಸುತ್ತಿನಿಂದ ಹೊರಬರಲು ದಾರಿಯಿದೆ ಎಂದು ತೋರಿಸಿದವರೂ ಇದ್ದಾರೆ. ನ್ಯಾಷನಲ್ ಬುಕ್ ಟ್ರಸ್ಟ್ ತನ್ನ ನೆಹರೂ ಬಾಲ ಪುಸ್ತಕಾಲಯ ಮಾಲೆಯಲ್ಲಿ ಒಂದೇ ಚಿತ್ರಗಳಿಗೆ ಹಲವು ಭಾಷೆಗಳ ಬರಹ ಕೂರಿಸಿ ಖರ್ಚು ಹಂಚಿತು. 2004ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಪ್ರಥಮ್ ಬುಕ್ಸ್ ಅದೇ ಸೂತ್ರವನ್ನು ಇನ್ನೂ ಅಗ್ಗದ ಪುಸ್ತಕಗಳಿಗೆ ಹಚ್ಚಿತು. 2015ರಲ್ಲಿ ಸ್ಟೋರಿವೀವರ್ ಎಂಬ ತಾಣ ತೆರೆದು, ಯಾರು ಬೇಕಾದರೂ ಓದಬಹುದಾದ, ಅನುವಾದಿಸಬಹುದಾದ, ಅಚ್ಚು ಹಾಕಬಹುದಾದ ಚಿತ್ರಪುಸ್ತಕಗಳನ್ನು ಕನ್ನಡದಲ್ಲೂ ಇಟ್ಟಿತು. ಅಲ್ಲಿ ಬರೆದವರ ಹೆಸರಿನ ಪಕ್ಕದಲ್ಲೇ ಚಿತ್ರಕಾರರ ಹೆಸರೂ ಇದೆ.

ಅಗ್ಗವೋ ತುಟ್ಟಿಯೋ ಎಂಬುದನ್ನು ಪುಟದಿಂದ ಅಳೆಯಬೇಡಿ, ಓದಿನಿಂದ ಅಳೆಯಿರಿ. ಮುನ್ನೂರು ಪುಟದ ಕಾದಂಬರಿಯನ್ನು ಮನೆಯಲ್ಲಿ ಒಬ್ಬರು ಒಂದು ಸಲ ಓದುತ್ತಾರೆ. ಹದಿನಾರು ಪುಟದ ಒಳ್ಳೆಯ ಚಿತ್ರಪುಸ್ತಕವನ್ನು ಒಂದು ಮಗು ‘ಇನ್ನೊಂದ್ಸಲ’ ಎನ್ನುತ್ತ ತಿಂಗಳುಗಟ್ಟಲೆ ಓದುತ್ತದೆ, ಆಮೇಲೆ ಅದು ತಂಗಿಯ ಕೈಗೆ ಹೋಗುತ್ತದೆ.

ನಾಲ್ಕನೆಯ ವಾದಕ್ಕೆ ಬರೋಣ. ಇದು ಪಟ್ಟಣದ ಮಕ್ಕಳ ಶೋಕಿ, ನಮ್ಮ ಮಕ್ಕಳಿಗೆ ಕಾಗುಣಿತ ಮೊದಲು ಎಂಬ ಮಾತು ಕೇಳಲು ನೆಲದ ಮಾತಿನಂತಿದೆ. ಹಾಗಾದರೆ ನೆಲಕ್ಕೇ ಇಳಿದು ನೋಡೋಣ. ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ತಾಂಡಾಗಳಲ್ಲಿ ಮನೆಮಾತು ಲಂಬಾಣಿ. ಕೊಟ್ಟೂರಿನ, ಹರಪನಹಳ್ಳಿಯ ಎಷ್ಟೋ ಓಣಿಗಳಲ್ಲಿ ಉರ್ದು. ಕೂಡ್ಲಿಗಿಯ ಮೂಡಣ ಅಂಚಿನಲ್ಲಿ ತೆಲುಗು. ಈ ಮಕ್ಕಳು ಶಾಲೆಗೆ ಬಂದ ದಿನ ಪುಸ್ತಕದ ಕನ್ನಡ ಅವರಿಗೆ ಅರ್ಧ ಗೊತ್ತು, ಅರ್ಧ ಗೊತ್ತಿಲ್ಲ. ಬರಿಯ ಅಕ್ಷರದ ಪುಸ್ತಕ ಕೊಟ್ಟರೆ ಮೊದಲ ಪುಟದಲ್ಲೇ ಅವರು ದಡ್ಡರ ಸಾಲಿಗೆ ಸೇರುತ್ತಾರೆ. ಚಿತ್ರಪುಸ್ತಕ ಕೊಡಿ, ಅದೇ ಮಗು ಲಂಬಾಣಿಯಲ್ಲಿ ಕಥೆ ಹೇಳುತ್ತದೆ, ಅದರ ಮೇಲೆ ಕನ್ನಡ ಕಲಿಯುತ್ತದೆ. ಕಥೆ ಮೊದಲೇ ತಿಳಿದಿದ್ದರೆ ಪದ ತಾನಾಗಿ ಬಂದು ಕೂರುತ್ತದೆ.

ಮನೆಯ ಕಡೆ ನೋಡಿ. ಅಪ್ಪ ಅವ್ವ ಬೆಂಗಳೂರಿನ ಕಟ್ಟಡದ ಕೆಲಸಕ್ಕೋ ಚಿಕ್ಕಮಗಳೂರಿನ ಕಾಫಿ ತೋಟಕ್ಕೋ ಹೋಗಿದ್ದಾರೆ. ಮಗು ಅಜ್ಜಿಯ ಹತ್ತಿರ ಇದೆ, ಅಜ್ಜಿಗೆ ಅಕ್ಷರ ಬಾರದು. ಮಗುವಿಗೆ ಪುಸ್ತಕ ಓದಿ ಹೇಳಿ ಎಂದು ಪಾಲಕರ ಸಭೆಯಲ್ಲಿ ಭಾಷಣ ಮಾಡುತ್ತೇವಲ್ಲ, ಈ ಅಜ್ಜಿ ಯಾವ ಪುಸ್ತಕ ಓದಿ ಹೇಳಬೇಕು? ಚಿತ್ರಪುಸ್ತಕ ಒಂದನ್ನೇ. ‘ನೋಡವ್ವಾ, ಈ ನರಿಗೆ ಹೊಟ್ಟಿ ಹಸದೈತಿ’ ಎಂದು ಅಜ್ಜಿ ಶುರು ಮಾಡಿದರೆ ಸಾಕು, ಮುಂದಿನದು ಮಗುವಿನದು. ಬೆಂಗಳೂರಿನ ಕಾನ್ವೆಂಟಿನ ಮಗುವಿನ ಮನೆಯಲ್ಲಿ ಓದಿ ಹೇಳಲು ನಾಲ್ಕು ಜನ ಇದ್ದಾರೆ, ಅಲ್ಲಿ ಚಿತ್ರಪುಸ್ತಕ ಇಲ್ಲದಿದ್ದರೂ ನಡೆದೀತು. ಇಲ್ಲದಿದ್ದರೆ ನಡೆಯದಿರುವುದು ಇಲ್ಲಿ. ಶೋಕಿ ಎಂದು ಯಾವುದನ್ನು ತಳ್ಳಿಹಾಕಿದೆವೋ ಅದರ ಅಗತ್ಯ ಎಲ್ಲರಿಗಿಂತ ಹೆಚ್ಚಿರುವುದು ಗುಳೆ ಹೋಗುವ ಮನೆಯ ಮಗುವಿಗೆ.

ಇದು ಹೊರಗಿನಿಂದ ಬಂದ ಹೊಸ ಚಾಳಿ ಎಂಬ ಮಾತೂ ನಿಲ್ಲುವುದಿಲ್ಲ. ಚಿತ್ರ ತೋರಿಸಿ ಕಥೆ ಹೇಳುವುದನ್ನು ಈ ನೆಲಕ್ಕೆ ಯಾರೂ ಕಲಿಸಬೇಕಾಗಿಲ್ಲ. ನಮ್ಮ ಜಿಲ್ಲೆಯದೇ ಆದ ಹಂಪಿಯ ಹಜಾರರಾಮ ಗುಡಿಗೆ ಹೋಗಿ. ಹದಿನೈದನೆಯ ಶತಮಾನದ ಶಿಲ್ಪಿಗಳು ಒಂದಕ್ಷರ ಕೆತ್ತದೆ ಇಡೀ ರಾಮಾಯಣವನ್ನು ಗೋಡೆಯ ಮೇಲೆ ಸಾಲುಸಾಲಾಗಿ ಇಟ್ಟಿದ್ದಾರೆ. ಸುತ್ತು ಹಾಕುತ್ತ ಹೋದರೆ ಕಥೆ ಮುಂದೆ ಸಾಗುತ್ತದೆ. ಕಿಳ್ಳೇಕ್ಯಾತರು ತೊಗಲು ಕೆತ್ತಿ, ಬಣ್ಣ ಕೊಟ್ಟು, ದೀಪದ ಮುಂದೆ ಹಿಡಿದು ಊರೂರಿಗೆ ಕಥೆ ಓದಿಸಿದರು. ಬಳ್ಳಾರಿಯ ಬೆಳಗಲ್ಲು ವೀರಣ್ಣ ಅದೇ ತೊಗಲುಗೊಂಬೆಯಲ್ಲಿ ಗಾಂಧೀಜಿಯ ಕಥೆಯನ್ನೂ ಆಡಿಸಿದರು. ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಸೇರುವ ಲಕ್ಷಾಂತರ ಜನರ ನಡುವೆ ಗೊರವಯ್ಯ ಎತ್ತರದ ಬಿಲ್ಲೇರುತ್ತಾನೆ. ಸದ್ದು ಅಡಗುತ್ತದೆ. ಒಂದೇ ಸಾಲು ನುಡಿದು ಮೇಲಿನಿಂದ ಬೀಳುತ್ತಾನೆ. ಆ ಒಂದು ಸಾಲಿನ ಕಾರಣಿಕಕ್ಕೆ ಮಳೆಯೇ, ಬೆಳೆಯೇ, ರಾಜಕೀಯವೇ ಎಂದು ಜನ ವರ್ಷವಿಡೀ ಅರ್ಥ ಹುಡುಕುತ್ತಾರೆ. ಮಾತು ಕಮ್ಮಿಯಿದ್ದರೆ ಅರ್ಥವೂ ಕಮ್ಮಿ ಎಂದು ಮೈಲಾರದ ಸೀಮೆಯಲ್ಲಿ ನಿಂತು ಹೇಳುವುದು ಹೇಗೆ?

ನಾಲ್ಕೂ ವಾದಗಳ ಬೇರು ಒಂದೇ: ಚಿತ್ರ ಬರೆಯುವವರನ್ನು ನಾವು ಲೇಖಕರೆಂದು ಒಪ್ಪಿಲ್ಲ. ಕನ್ನಡದ ಮಕ್ಕಳ ಪುಸ್ತಕಗಳನ್ನು ಕೈಗೆತ್ತಿಕೊಂಡು ನೋಡಿ. ಮುಖಪುಟದಲ್ಲಿ ಕವಿಯ ಹೆಸರು ದಪ್ಪಗೆ. ಚಿತ್ರಕಾರರ ಹೆಸರು ಬಹಳ ಸಲ ಒಳಪುಟದಲ್ಲಿ, ಮುದ್ರಕರ ವಿಳಾಸದ ನೆರೆಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಕನ್ನಡದ ಮೊದಲನೆಯದು ಬೊಳುವಾರು ಮಹಮದ್ ಕುಂಞಿಯವರಿಗೆ; 2025ರದು ನಮ್ಮ ಬಳ್ಳಾರಿ ಸೀಮೆಯ ಕೆ. ಶಿವಲಿಂಗಪ್ಪ ಹಂದಿಹಾಳು ಅವರ ‘ನೋಟ್‌ಬುಕ್’ಗೆ. ಇಬ್ಬರಿಗೂ ಸಲ್ಲಬೇಕಾದದ್ದೇ ಸಂದಿದೆ. ಆದರೆ ಆ ಪುರಸ್ಕಾರ ಬರೆದವರಿಗೆ ಮಾತ್ರ, ಬಿಡಿಸಿದವರಿಗೆ ಅದರಲ್ಲಿ ಪಾಲಿಲ್ಲ. ಅಮೆರಿಕದಲ್ಲಿ ಚಿತ್ರಪುಸ್ತಕದ ಕಲಾವಿದರಿಗೆಂದೇ ಕಾಲ್ಡೆಕಾಟ್ ಪದಕ 1938ರಿಂದ ಇದೆ. ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನ್ ಪ್ರಶಸ್ತಿಯಲ್ಲಿ 1966ರಿಂದ ಚಿತ್ರಕಾರರಿಗೆ ಪ್ರತ್ಯೇಕ ಪಾಲು ಸಲ್ಲುತ್ತಿದೆ. ಇಲ್ಲಿ ಪಕ್ಕದ ಮರಾಠಿಯಲ್ಲಿ ಮಾಧುರಿ ಪುರಂದರೆ ತಾವೇ ಬರೆದು ತಾವೇ ಚಿತ್ರಿಸಿದ ಪುಸ್ತಕಗಳಲ್ಲಿ ಸಾಮಾನ್ಯ ಮನೆಯ ಅಡುಗೆಕೋಣೆ, ಅಂಗಳ, ಅಜ್ಜ-ಅಜ್ಜಿಯರನ್ನು ತಂದು ಒಂದು ಪರಂಪರೆಯನ್ನೇ ಕಟ್ಟಿದ್ದಾರೆ.

ಕನ್ನಡಕ್ಕೆ ಅಂಥವರು ಇಲ್ಲವೆಂದಲ್ಲ. ಶಿವರಾಮ ಕಾರಂತರು 1936ರಲ್ಲೇ ಮೂರು ಸಂಪುಟಗಳ ‘ಬಾಲ ಪ್ರಪಂಚ’ವನ್ನು ಚಿತ್ರಗಳಿಲ್ಲದೆ ಊಹಿಸಿಕೊಳ್ಳಲಿಲ್ಲ. ಸಿದ್ದಾಪುರದ ಕಡೆಯ ತಮ್ಮಣ್ಣ ಬೀಗಾರರು ಮೇಷ್ಟರಾಗಿ ದುಡಿಯುತ್ತಲೇ ಮಕ್ಕಳಿಗಾಗಿ ಬರೆದರು, ಚಿತ್ರವನ್ನೂ ಬಿಡಿಸಿದರು. 2022ರ ಬಾಲಸಾಹಿತ್ಯ ಪುರಸ್ಕಾರ ಅವರ ‘ಬಾವಲಿ ಗುಹೆ’ ಕಾದಂಬರಿಗೆ ಬಂತು. ಅವರ ಕೈಯಲ್ಲಿ ಲೇಖನಿಯೂ ಇದೆ, ಕುಂಚವೂ ಇದೆ. ಪ್ರಶಸ್ತಿ ಪತ್ರಕ್ಕೆ ಲೇಖನಿ ಮಾತ್ರ ಕಂಡಿತು.

ಎದುರು ಪಕ್ಷದವರ ಒಂದು ಮಾತನ್ನು ಒಪ್ಪಲೇಬೇಕು. ಈಗ ಮಾರುಕಟ್ಟೆಯಲ್ಲಿ ಚಿತ್ರಪುಸ್ತಕ ಎಂದು ಸಿಗುವುದರಲ್ಲಿ ಜೊಳ್ಳು ಬಹಳ. ಕ್ಯಾಲೆಂಡರಿನ ದೇವರಂತೆ ಒಂದೇ ನಗು ನಗುವ ಮಕ್ಕಳು, ಗುಲಾಬಿ ಕೆನ್ನೆ, ಕಾರ್ಪೆಟ್ಟಿನಂಥ ಹಸಿರು ಹುಲ್ಲು, ಕೊನೆಯ ಪುಟದಲ್ಲಿ ಬಲವಂತದ ನೀತಿ. ಎಲ್ಲರ ಅಳತೆಗೂ ಒಂದೇ ಅಂಗಿ ಹೊಲಿದಂತೆ, ಹಿಂದಿ ಇಂಗ್ಲಿಷಿನಿಂದ ಪದಕ್ಕೆ ಪದ ಇಳಿಸಿದ ಕನ್ನಡ. ಇಂಥದ್ದನ್ನು ನೋಡಿ ಮೇಷ್ಟರು ಮೂಗು ಮುರಿದರೆ ತಪ್ಪಿಲ್ಲ. ಕೆಟ್ಟ ಕಾದಂಬರಿ ಬಂತೆಂದು ಕಾದಂಬರಿ ಪ್ರಕಾರವನ್ನೇ ಶಾಲೆಯಿಂದ ಹೊರಗೆ ಹಾಕುತ್ತೇವೆಯೇ? ಜೊಳ್ಳಿಗೆ ಮದ್ದು ಒಳ್ಳೆಯ ಪುಸ್ತಕ. ಒಳ್ಳೆಯದು ಹುಟ್ಟಬೇಕಾದರೆ ಅದನ್ನು ಕೇಳುವವರು, ಕೊಳ್ಳುವವರು, ಬರೆಯುವವರು ಇಲ್ಲೇ ಬೇಕು.

ಬರೆಯಲು ಇಲ್ಲೇನಿದೆ ಎನ್ನಬೇಡಿ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯ ಬಂಡೆಗಳ ನಡುವೆ ಕರಡಿಧಾಮವಿದೆ. ಮರಿಯನ್ನು ಬೆನ್ನ ಮೇಲೆ ಹೊತ್ತು ನಡೆಯುವ ತಾಯಿ ಕರಡಿಗಿಂತ ಒಳ್ಳೆಯ ಚಿತ್ರಪುಸ್ತಕದ ನಾಯಕಿ ಬೇಕೆ? ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರ ಕೆರೆಯ ಜಾಲಿಮರಗಳಲ್ಲಿ ಗೂಡು ಕಟ್ಟುವ ಕೊಕ್ಕರೆಗಳಿಗಾಗಿ ಆ ಕೆರೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಲೋಕವೆಲ್ಲ ಗುರುತಿಸಿದ ಹಕ್ಕಿಗಳು ಅದರ ದಂಡೆಯ ಊರಿನ ಮಗುವಿನ ಪುಸ್ತಕದಲ್ಲಿ ಇರಬೇಕಲ್ಲವೇ? ಕೊಟ್ಟೂರಿನ ತೇರು, ಅದರ ಗಾಲಿಗೆ ಸನ್ನೆ ಕೊಡುವವರ ಕೈಚಳಕ, ತೇರು ಮುಗಿದ ಮೇಲಿನ ಮಂಡಕ್ಕಿ-ಮೆಣಸಿನಕಾಯಿ, ನಸುಕಿನಲ್ಲಿ ಹಡಗಲಿಯ ಮಲ್ಲಿಗೆ ಬಿಡಿಸುವ ಹೆಂಗಸರು, ತಾಂಡಾದ ಅಜ್ಜಿಯ ಕನ್ನಡಿ ಹೊಲಿದ ಲಂಗ. ಮಾತಿನಲ್ಲಿ ಈ ಸೀಮೆ ಬಡವಲ್ಲ, ಕೊಟ್ಟೂರಿನ ಕುಂ. ವೀರಭದ್ರಪ್ಪನವರ ‘ಅರಮನೆ’ಗೆ 2007ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ದೊಡ್ಡವರಿಗೆ ಇಷ್ಟು ಕೊಟ್ಟ ನೆಲ ಮಕ್ಕಳ ಕಣ್ಣಿಗೂ ಏನಾದರೂ ಕೊಡಬೇಕು.

ಪ್ರಕಾಶಕರು ಸಿಗುವುದಿಲ್ಲ ಎಂದು ಅಳುಕುವವರಿಗೆ ಒಂದು ಸಂಗತಿ. ಲೋಕದಲ್ಲೇ ಅತಿ ಹೆಚ್ಚು ಮಾರಾಟವಾದ ಮಕ್ಕಳ ಪುಸ್ತಕಗಳಲ್ಲಿ ಒಂದಾದ ‘ಪೀಟರ್ ರ್ಯಾಬಿಟ್’ ಶುರುವಾದದ್ದು, ಬಿಯಾಟ್ರಿಕ್ಸ್ ಪಾಟರ್ ಕಾಯಿಲೆಯ ಹುಡುಗನೊಬ್ಬನಿಗೆ 1893ರಲ್ಲಿ ಚಿತ್ರ ಸಮೇತ ಬರೆದ ಕಾಗದದಿಂದ. ಪ್ರಕಾಶಕರು ಬೇಡವೆಂದ ಮೇಲೆ 1901ರಲ್ಲಿ ಆಕೆ ಸ್ವಂತ ದುಡ್ಡಿನಿಂದ 250 ಪ್ರತಿ ಅಚ್ಚು ಹಾಕಿಸಿದರು. ಮಕ್ಕಳ ಕೈಗೆ ಹಿಡಿಸುವಂತೆ ಪುಸ್ತಕ ಚಿಕ್ಕದೇ ಇರಬೇಕೆಂದು ಹಟ ಹಿಡಿದರು. ಮರುವರ್ಷ ಪ್ರಕಾಶಕರೇ ಒಪ್ಪಿಕೊಂಡು ಬಂದರು. 250 ಪ್ರತಿ ಹಾಕಿಸುವ ಶಕ್ತಿ ನಮ್ಮ ತಾಲ್ಲೂಕುಗಳಲ್ಲಿ ಒಂದು ಮಠಕ್ಕಿದೆ, ಒಂದು ಸಹಕಾರ ಸಂಘಕ್ಕಿದೆ, ಹಳೆಯ ವಿದ್ಯಾರ್ಥಿಗಳ ಒಂದು ವಾಟ್ಸಾಪ್ ಗುಂಪಿಗೂ ಇದೆ.

ಹಾಗಾಗಿ ಕೇಳಬೇಕಾದವರನ್ನು ನೇರವಾಗಿಯೇ ಕೇಳುತ್ತೇನೆ. 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದು ಅರಿವು ಕೇಂದ್ರಗಳಾಗಿವೆ, ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ ಮಕ್ಕಳನ್ನು ಬಿಟ್ಟಿಯಾಗಿ ಸದಸ್ಯರನ್ನಾಗಿ ಮಾಡಿಕೊಂಡಿವೆ. ಪಂಚಾಯಿತಿ ಸದಸ್ಯರೇ, ಆ ಕೇಂದ್ರದಲ್ಲಿ ಮಗುವಿನ ಎತ್ತರಕ್ಕೆ ಒಂದು ಹಲಗೆ ಹಾಕಿಸಿ, ಪುಸ್ತಕದ ಬೆನ್ನು ಕಾಣುವಂತೆ ಇಡದೆ ಮುಖ ಕಾಣುವಂತೆ ಇಡಿ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ವ್ಯಾಪ್ತಿಗೆ ಐದೂ ತಾಲ್ಲೂಕುಗಳು ಬರುತ್ತವೆ. ಶಾಸಕರೇ, ಕೊಠಡಿ ಕಟ್ಟಿಸುವ ಅನುದಾನದ ಜೊತೆಗೆ ಆ ಕೊಠಡಿಯೊಳಗೆ ಇಡುವ ಚಿತ್ರಪುಸ್ತಕಕ್ಕೂ ಒಂದು ಪಾಲು ಕೇಳಿ ತನ್ನಿ. ಅಕಾಡೆಮಿ, ಪ್ರಾಧಿಕಾರಗಳ ಅಧ್ಯಕ್ಷರೇ, ಮಕ್ಕಳ ಪುಸ್ತಕದ ಮುಖಪುಟದಲ್ಲಿ ಚಿತ್ರಕಾರರ ಹೆಸರಿಲ್ಲದಿದ್ದರೆ ಅದನ್ನು ಖರೀದಿಗೂ ಪ್ರಶಸ್ತಿಗೂ ತೆಗೆದುಕೊಳ್ಳಬೇಡಿ, ಬಣ್ಣದ ಪುಸ್ತಕವನ್ನು ಪುಟದ ದರದಿಂದ ಅಳೆಯುವುದನ್ನು ನಿಲ್ಲಿಸಿ. ಚಿತ್ರಕಲಾ ಮೇಷ್ಟರುಗಳೇ, ಸ್ವಾತಂತ್ರ್ಯ ದಿನಾಚರಣೆಯ ಬೋರ್ಡು ಬರೆದು ಕೈ ತೊಳೆದುಕೊಳ್ಳಬೇಡಿ, ನಿಮ್ಮ ಊರಿನ ಒಂದು ಕಥೆಗೆ ಹದಿನಾರು ಪುಟ ಚಿತ್ರ ಬಿಡಿಸಿ.

ಮುಖ್ಯೋಪಾಧ್ಯಾಯರಲ್ಲಿ ಬೇಡಿಕೆ ಒಂದೇ. ಶಾಲೆ ಶುರುವಾದ ಮೊದಲ ವಾರವೇ ಬೀರು ತೆಗೆಯಿರಿ, ಪುಸ್ತಕ ಹೊರಗೆ ಇಡಿ. ಹರಿದವನ್ನು ಮಕ್ಕಳ ಕೈಯಲ್ಲೇ ಅಂಟಿಸಿ. ಆಡಿಟಿನವರು ಕೇಳಿದರೆ, ಓದಿದ್ದಕ್ಕೆ ಹರಿದವು ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿ.